ಬೀರು ಸೇರಿದ ಬಿ.ಡಿ.ಎಸ್.

ಹುಳು ನಾಲ್ಕನೇ ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿ ಬಿಡುತ್ತಿದ್ದ ದಿನಗಳವು. ರೇಷ್ಮೆ ಸಾಕುವ ಮನೆಯ ಹೆಂಗಸರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ, ಆ ವಾರ ಮನೆಯಲ್ಲಿ ಯಾರಿಗೂ ಕಣ್ತುಂಬ ನಿದ್ದೆಯಿರುವುದಿಲ್ಲ. 2024ರ ಆ ರಾತ್ರಿ ಹತ್ತೂವರೆಯಾಗಿರಬಹುದು. ನಾನೂ ನನ್ನ ವಾರಗಿತ್ತಿಯೂ ಕೊನೆಯ ಸಲದ ಸೊಪ್ಪು ಹಾಕಿ ಕೈ ತೊಳೆಯುತ್ತಿದ್ದೆವು. ಯಾರೋ ಬಾಗಿಲು ಬಡಿದರು. ತೆಗೆದು ನೋಡಿದರೆ ಹಿಂದಿನ ಬೀದಿಯ ಅಜ್ಜಿ. ಅವಳ ಬೆನ್ನ ಹಿಂದೆ ಟವೆಲನ್ನು ಕೆನ್ನೆಗೆ ಒತ್ತಿಕೊಂಡು ನಿಂತಿದ್ದ ಮಗ.

"ಅವ್ವಾ, ನೀನು ಹಲ್ಲಿನ್ ಡಾಕ್ಟ್ರು ಅಲ್ವೇನವ್ವ? ವಸಿ ನೋಡು. ಮೂರ್ ದಿನದಿಂದ ಒದ್ದಾಡ್ತಾವ್ನೆ. ಆ ಹಾಳು ಹಲ್ಲ ಕಿತ್ತಾಕ್ಬುಡು," ಎಂದಳು ಅಜ್ಜಿ.

ನನ್ನ ವಾರಗಿತ್ತಿ ಟಾರ್ಚು ತಂದಳು. ಬಾಯಿ ತೆರೆಯಿರಿ ಎಂದಳು. ಪಾಪ, ಒಂದು ಬೆರಳಿನಷ್ಟು ಕೂಡ ತೆರೆಯಲಾಗಲಿಲ್ಲ. ದವಡೆಯ ಕೆಳಗೆ ಕೈಯಿಟ್ಟು ನೋಡಿದಳು. "ಎಂಜಲು ನುಂಗಕ್ಕೆ ಆಗ್ತಿದೆಯಾ?" ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಅವಳ ಮುಖ ಬದಲಾಯಿತು.

"ಅಜ್ಜಿ, ಇದು ಮನೇಲಿ ಆಗೋ ಕೆಲಸ ಅಲ್ಲ. ಬಾವು ಕತ್ತಿನ ಕಡೆ ಇಳೀತಾ ಇದೆ. ಬೆಳಗಾಗೋವರೆಗೂ ಕಾಯಬೇಡಿ, ಈಗಲೇ ಚನ್ನಪಟ್ಟಣಕ್ಕೆ ಹೊರಡಿ."

ನಮ್ಮವರು ಸೊಪ್ಪು ತರುವ ಗಾಡಿಯಲ್ಲೇ ಅವರನ್ನು ಕರೆದೊಯ್ದರು. ಅಲ್ಲಿ ದಾಖಲು ಮಾಡಿಕೊಂಡು ಬಾವಿನ ಕೀವು ತೆಗೆದರು, ಹಲ್ಲನ್ನು ಆಮೇಲೆ ಕಿತ್ತರು. ಹುಡುಗ ಉಳಿದ. ತಡ ಮಾಡಿದ್ದರೆ ಉಸಿರಾಟಕ್ಕೇ ತೊಂದರೆಯಾಗುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಓದುಗ ಸೋದರಿಯರೂ ಇದನ್ನು ನೆನಪಿನಲ್ಲಿಡಿ. ಹಲ್ಲುನೋವಿನ ಜೊತೆ ಬಾಯಿ ತೆರೆಯಲಾಗದಿದ್ದರೆ, ನುಂಗಲು ಕಷ್ಟವಾದರೆ, ದವಡೆಯ ಕೆಳಗೆ ಊದಿಕೊಂಡರೆ, ಲವಂಗದ ಎಣ್ಣೆ ಹಚ್ಚುತ್ತ ಕೂರುವ ಹೊತ್ತಲ್ಲ ಅದು. ನೋವಿನ ಮಾತ್ರೆಯನ್ನು ಪುಡಿ ಮಾಡಿ ವಸಡಿಗೆ ಒತ್ತುವ ಅಭ್ಯಾಸವೂ ನಮ್ಮಲ್ಲಿ ಬೇಕಾದಷ್ಟಿದೆ. ಅದರಿಂದ ವಸಡು ಸುಟ್ಟು ಬೆಳ್ಳಗಾಗುತ್ತದೆಯೇ ಹೊರತು ನೋವು ಹೋಗುವುದಿಲ್ಲ.

ಇಷ್ಟಾದರೂ ಊರಿನ ಬಾಯಿ ಮುಚ್ಚಿಸುವವರು ಯಾರು? ಎರಡು ದಿನ ಕಳೆಯುವಷ್ಟರಲ್ಲಿ ನಲ್ಲಿಯ ಹತ್ತಿರ ಮಾತು ಹುಟ್ಟಿತ್ತು. "ಐದ್ ವರ್ಸ ಓದವ್ಳಂತೆ, ಒಂದ್ ಹಲ್ಲು ಕೀಳಕ್ಕಾಗ್ನಿಲ್ಲ. ಅದೇನ್ ದೊಡ್ಡಸ್ತಿಕೆಯೋ!" ನನಗೇ ಸಿಟ್ಟು ಬಂತು. ಮನೆಗೆ ಬಂದು ಅವಳನ್ನೇ ಕೇಳಿದೆ. "ಬಾವು ಇಲ್ದೆ ಬರೀ ಅಲ್ಲಾಡೋ ಹಲ್ಲಾಗಿದ್ರೆ ಕೀಳ್ತಿದ್ದೆ ತಾನೇ?"

"ಇಲ್ಲಕ್ಕ, ಆಗಲೂ ನಾನು ಮುಟ್ಟೋ ಹಾಗಿರಲಿಲ್ಲ. ನನ್ನ ಹೆಸರು ಈಗ ಪಟ್ಟಿಯಲ್ಲೇ ಇಲ್ಲ."

ಯಾವ ಪಟ್ಟಿ? ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದವಳು. ಒಂದು ಸಲ ಪಾಸಾದರೆ ಮುಗಿಯಿತು, ಅಂಕಪಟ್ಟಿಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ಡಾಕ್ಟರಿಕೆಯೂ ಹಾಗೇ ಎಂದುಕೊಂಡಿದ್ದೆ. ನಮ್ಮ ವಿರೂಪಾಕ್ಷಿಪುರದ ಸುತ್ತಮುತ್ತ ಎಷ್ಟು ಜನ ಹೆಂಗಸರು ಹಾಗೆಯೇ ತಿಳಿದಿದ್ದಾರೋ! ಓದಿದ ಸೊಸೆಯನ್ನು ತಂದುಕೊಳ್ಳುತ್ತೇವೆ, ಆ ಓದಿನ ಹಿಂದಿನ ಕಟ್ಟುಪಾಡು ತಿಳಿದುಕೊಳ್ಳುವುದಿಲ್ಲ.

ಅವಳು ಆ ದಿನ ಹುಳುಮನೆಯ ಕಟ್ಟೆಯ ಮೇಲೆ ಕೂತು ನನಗೆ ಬಿಡಿಸಿ ಹೇಳಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಬರೆಯುತ್ತೇನೆ. ಬಿ.ಡಿ.ಎಸ್. ಎಂಬುದು ವಿಶ್ವವಿದ್ಯಾನಿಲಯ ಕೊಡುವ ಪದವಿ. ತರಬೇತಿಯ ವರ್ಷವೂ ಸೇರಿ ಐದು ವರ್ಷದ ಓದು. ಅದು ಸಾಯುವವರೆಗೂ ನಮ್ಮದೇ. ಆದರೆ ಬೇರೆಯವರ ಬಾಯಿಗೆ ಕೈ ಹಾಕುವ ಹಕ್ಕು ಬರುವುದು ಪದವಿಯಿಂದಲ್ಲ, ರಾಜ್ಯದ ದಂತವೈದ್ಯ ಪರಿಷತ್ತಿನ ನೋಂದಣಿ ಪುಸ್ತಕದಲ್ಲಿ ಹೆಸರಿರುವುದರಿಂದ. ಕರ್ನಾಟಕದ ಪರಿಷತ್ತು ಇರುವುದು ಬೆಂಗಳೂರಿನಲ್ಲಿ. ದೇಶಕ್ಕೆಲ್ಲ ಒಂದಾಗಿ ಈ ಏರ್ಪಾಟು ಮಾಡಿದ್ದು 1948ರ ದಂತವೈದ್ಯರ ಕಾಯ್ದೆ. ಸಂತೆಯಲ್ಲಿ ಚಾಪೆ ಹಾಸಿ ಹಲ್ಲು ಕೀಳುತ್ತಿದ್ದವರಿಗೂ ಓದಿ ಬಂದವರಿಗೂ ಜನರಿಗೆ ವ್ಯತ್ಯಾಸ ತಿಳಿಯದಿದ್ದ ಕಾಲ ಅದು. ಅದಕ್ಕೇ ಆ ಪುಸ್ತಕದಲ್ಲಿ ಎರಡು ಭಾಗ ಮಾಡಿದರು. ಮಾನ್ಯತೆ ಪಡೆದ ಪದವಿಯವರು 'ಎ' ಭಾಗದಲ್ಲಿ. ಪದವಿಯಿಲ್ಲದಿದ್ದರೂ ಆ ಹೊತ್ತಿಗಾಗಲೇ ಅದೇ ಕಸುಬಿನಿಂದ ಹೊಟ್ಟೆ ಹೊರೆಯುತ್ತಿದ್ದವರು 'ಬಿ' ಭಾಗದಲ್ಲಿ. ಹಳಬರ ಅನ್ನ ಕಸಿದುಕೊಳ್ಳದೆ ಹೊಸ ಕಾನೂನು ತಂದದ್ದು ನನಗೆ ಬಹಳ ಮೆಚ್ಚಿಗೆಯಾಯಿತು.

ಅದೇ ಕಾಯ್ದೆಯ 39ನೇ ಕಲಮಿನಲ್ಲಿತ್ತು ನಮ್ಮ ಕಥೆ. ಒಮ್ಮೆ ಹೆಸರು ಬರೆಸಿದರೆ ಸಾಲುತ್ತಿರಲಿಲ್ಲ. ಅದು ಪುಸ್ತಕದಲ್ಲಿ ಉಳಿಯಬೇಕಾದರೆ ವರ್ಷವರ್ಷವೂ ನವೀಕರಣ ಶುಲ್ಕ ಕಟ್ಟಬೇಕಿತ್ತು, ಅದೂ ಏಪ್ರಿಲ್ 1ರೊಳಗೆ. ಕಟ್ಟದಿದ್ದರೆ ರಿಜಿಸ್ಟ್ರಾರರು ಹೆಸರನ್ನು ತೆಗೆಯುತ್ತಿದ್ದರು. ತೆಗೆದ ಮೇಲೆ ಚಿಕಿತ್ಸೆ ಮಾಡಿದರೂ ತಪ್ಪು, ನೋಂದಾಯಿತ ದಂತವೈದ್ಯೆ ಎಂದು ಹೇಳಿಕೊಂಡರೂ ತಪ್ಪು. ಅದನ್ನು ಕೇಳಿ ನಮ್ಮ ಅತ್ತೆ ಗಾಬರಿಯಾದರು. "ಹೆಸರು ತೆಗೆದವ್ರಾ? ಅಂಥದ್ದೇನ್ ಮಾಡ್ಬುಟ್ಟೆ ಮಗಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಏನೂ ಮಾಡಿಲ್ಲ. ದುರ್ನಡತೆಗಾಗಿ, ಕೋರ್ಟಿನ ಶಿಕ್ಷೆಗಾಗಿ ಹೆಸರು ತೆಗೆಯುವುದು ಬೇರೆಯದೇ ಕಲಮಾಗಿತ್ತು, 41ನೆಯದು. ಶುಲ್ಕ ಕಟ್ಟದೆ ಹೆಸರು ಹೋದದ್ದರಲ್ಲಿ ಕಳಂಕವಿಲ್ಲ, ಮತ್ತೆ ಸೇರಿಸಿಕೊಳ್ಳುವ ಅವಕಾಶವನ್ನು ಕಾಯ್ದೆಯೇ ಇಟ್ಟಿತ್ತು. ಅತ್ತೆಗೆ ಇಷ್ಟು ಹೇಳಿ ಸಮಾಧಾನ ಮಾಡಲು ಎರಡು ಲೋಟ ಕಾಫಿ ಬೇಕಾಯಿತು.

ಇನ್ನು ಮುಂದಿನದನ್ನು ಬರೆಯಲು ನನಗೆ ಸಂಕೋಚ. ಆದರೂ ಬರೆಯಲೇಬೇಕು, ಏಕೆಂದರೆ ಆ ಹೆಸರು ಹೋದದ್ದಕ್ಕೆ ಅರ್ಧ ಕಾರಣ ನಾನು.

ಮದುವೆಯಾದ ಮೇಲೂ ಅವಳು ಕೆಲವು ವರ್ಷ ಚನ್ನಪಟ್ಟಣದ ಒಂದು ಕ್ಲಿನಿಕ್ಕಿಗೆ ಹೋಗಿಬರುತ್ತಿದ್ದಳು. 2016ರಲ್ಲಿ ಎರಡನೇ ಮಗುವಾಯಿತು. ಅದೇ ವರ್ಷ ಅತ್ತೆಗೆ ಪಾರ್ಶ್ವವಾಯು ಹೊಡೆಯಿತು. ಒಬ್ಬಳು ಮನೆಯಲ್ಲಿ ನಿಲ್ಲಲೇಬೇಕಾಯಿತು. ಯಾರು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇ ಇಲ್ಲ, ಅವಳೇ ನಿಂತಳು. ಮುಂದಿನ ಮಾರ್ಚಿನಲ್ಲಿ ಶುಲ್ಕದ ಮಾತು ತೆಗೆದಳು. ಮನೆಯ ಲೆಕ್ಕದ ಪುಸ್ತಕ ಬರೆಯುವವಳು ನಾನು. "ಮಾಡದ ಕೆಲಸಕ್ಕೆ ವರ್ಷಾ ವರ್ಷಾ ಯಾಕೆ ದುಡ್ಡು ಸುರೀಬೇಕು? ಮುಂದೆ ಹೋಗೋದಾದ್ರೆ ಆಗ ಕಟ್ಟಿದರಾಯ್ತು," ಎಂದುಬಿಟ್ಟೆ. ಅವಳು ಮರುಮಾತಾಡಲಿಲ್ಲ. ಮೊನ್ನೆ ಆ ವರ್ಷದ ಪುಸ್ತಕ ತೆಗೆದು ನೋಡಿದೆ. ಅದೇ ತಿಂಗಳು ಪಾತ್ರೆ ಚೀಟಿಗೆ ನಾನು ಕಟ್ಟಿದ ಹಣ ಅವಳ ಶುಲ್ಕಕ್ಕಿಂತ ಹೆಚ್ಚಾಗಿತ್ತು. ಆ ಚೀಟಿಯಲ್ಲಿ ಬಂದ ದೊಡ್ಡ ಕೊಳಗ ಇನ್ನೂ ಅಟ್ಟದ ಮೇಲಿದೆ, ಎರಡು ಹಬ್ಬಕ್ಕೆ ಇಳಿಸಿದ್ದರೆ ಹೆಚ್ಚು.

ನಾವು ವಿಮೆಯ ಕಂತು ತಪ್ಪಿಸುವುದಿಲ್ಲ, ಸಂಘದ ಸಾಲದ ಕಂತು ತಪ್ಪಿಸುವುದಿಲ್ಲ. ಹೆಂಗಸು ಕೆಲಸ ಬಿಟ್ಟ ಮರುವರ್ಷವೇ ಅವಳ ನೋಂದಣಿಯ ಹಣ ಮಾತ್ರ ದಂಡವಾಗಿ ಕಾಣುತ್ತದೆ. ಬೀರುವಿನಲ್ಲಿ ಪದವಿಪತ್ರ ಭದ್ರವಾಗಿದೆಯಲ್ಲ ಎಂದುಕೊಳ್ಳುತ್ತೇವೆ.

ಕೆಲಸ ನಿಲ್ಲಿಸಿದವರಿಗೆಂದೇ ಕೆಲವು ದೇಶಗಳಲ್ಲಿ ಬೇರೆ ಏರ್ಪಾಟಿದೆ ಎಂದು ಅವಳಿಂದಲೇ ತಿಳಿಯಿತು. ಅಮೆರಿಕದ ಹಲವು ರಾಜ್ಯಗಳಲ್ಲಿ 'ಇನಾಕ್ಟಿವ್' ಲೈಸೆನ್ಸು ಎಂಬುದೊಂದಿದೆ. ನಾನು ಸದ್ಯಕ್ಕೆ ರೋಗಿಗಳನ್ನು ನೋಡುವುದಿಲ್ಲ ಎಂದು ಬರೆದುಕೊಟ್ಟರೆ ಹೆಸರು ಪುಸ್ತಕದಲ್ಲೇ ಉಳಿಯುತ್ತದೆ, ಹಲ್ಲು ಮುಟ್ಟುವಂತಿಲ್ಲ ಅಷ್ಟೆ. ಕ್ಯಾಲಿಫೋರ್ನಿಯಾದಲ್ಲಿ ಹಾಗಿರುವವರು ಶುಲ್ಕ ಕಟ್ಟುತ್ತಿರಬೇಕು, ಆದರೆ ವೈದ್ಯರು ಆಗಾಗ ಹಾಜರಾಗಬೇಕಾದ ತರಗತಿಗಳಿಂದ ವಿನಾಯಿತಿ. ತಿರುಗಿ ಕೆಲಸಕ್ಕೆ ಬರುವಾಗ ಆ ತರಗತಿಗಳನ್ನು ಮುಗಿಸಿ ಬರಬೇಕು. ಇಂಗ್ಲೆಂಡಿನಲ್ಲಿ ಅದೂ ಇಲ್ಲ. ಅಲ್ಲಿ ಬೇಡವಾದವರು ತಾವೇ ಹೆಸರು ತೆಗೆಸಿಕೊಂಡು, ಬೇಕಾದಾಗ ಮತ್ತೆ ಸೇರಿಸಿ ಎಂದು ಅರ್ಜಿ ಹಾಕುತ್ತಾರೆ. ನಮ್ಮ 1948ರ ಕಾಯ್ದೆ ಈ ವಿಷಯದಲ್ಲಿ ಇಂಗ್ಲೆಂಡಿಗೆ ಹತ್ತಿರವಿತ್ತು: ಹೆಸರು ಒಂದೋ ಇದೆ, ಇಲ್ಲವೇ ಇಲ್ಲ. ನಡುವೆ ಕೂರಲು ಜಗಲಿಯಿರಲಿಲ್ಲ.

ನನಗೆ ಆ ಅಮೆರಿಕದ ಪದ್ಧತಿ ಕೇಳಿದಾಗ ನೆನಪಾದದ್ದು ಜ್ವರಕ್ಕೆ ಕೂತ ಹುಳು. ತಲೆಯೆತ್ತಿ ಅಲುಗಾಡದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಗೊತ್ತಿಲ್ಲದವರು ಸತ್ತಿತೆಂದು ಎಸೆಯಬೇಕು, ಹಾಗಿರುತ್ತದೆ. ನಾವು ಎಸೆಯುವುದಿಲ್ಲ, ತಟ್ಟೆಯಲ್ಲೇ ಬಿಟ್ಟು ಕಾಯುತ್ತೇವೆ. ಮಕ್ಕಳು ಚಿಕ್ಕವರಿರುವ ನಾಲ್ಕೈದು ವರ್ಷ ಹೆಂಗಸರಿಗೆ ಬೇಕಾದದ್ದು ಅಷ್ಟೇ ಅಲ್ಲವೇ? ನಮ್ಮಲ್ಲೂ ಹೊಸ ಕಾನೂನಿನ ಕಾಲ ಬಂದಿದೆ. ಹಳೆಯ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆಯನ್ನು ಒಪ್ಪಿತು, ಅದರಲ್ಲಿ ಇಡೀ ದೇಶಕ್ಕೆ ಒಂದು ನೋಂದಣಿ ಪುಸ್ತಕದ ಮಾತಿದೆ. ನಿಯಮ ಮಾಡುವ ದೊಡ್ಡವರು ಮನೆಗೆಂದು ಕೆಲಸ ಬಿಟ್ಟ ಹೆಂಗಸರನ್ನೂ ನೆನೆದು ಒಂದು ಸಾಲು ಬರೆದರೆ ಅವರ ಕೈ ಸವೆಯುವುದಿಲ್ಲ.

ಹೀಗೆ ಬಿಟ್ಟವರು ಇಂದಿನವರು ಮಾತ್ರ ಎಂದುಕೊಳ್ಳಬೇಡಿ. ಪಾಕಿಸ್ತಾನದ ಜಿನ್ನಾ ಅವರ ತಂಗಿ ಫಾತಿಮಾ ಜಿನ್ನಾ ಹಲ್ಲಿನ ಡಾಕ್ಟರು ಎಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕಲ್ಕತ್ತೆಯಲ್ಲಿ ಡಾ. ಆರ್. ಅಹಮದ್ ಅವರು 1920ರಲ್ಲಿ ಸ್ಥಾಪಿಸಿದ ದಂತವೈದ್ಯ ಕಾಲೇಜಿನಲ್ಲಿ ಓದಿ, 1923ರಲ್ಲಿ ಮುಂಬೈಯಲ್ಲಿ ಸ್ವಂತ ಚಿಕಿತ್ಸಾಲಯ ತೆರೆದರು. 1929ರಲ್ಲಿ ಅತ್ತಿಗೆ ತೀರಿಕೊಂಡಾಗ ಅದನ್ನು ಮುಚ್ಚಿ ಅಣ್ಣನ ಮನೆ ನೋಡಿಕೊಳ್ಳಲು ಹೋದರು. ಆಗ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆಯೂ ಇರಲಿಲ್ಲ, ವರ್ಷದ ಶುಲ್ಕವನ್ನು ಕೇಳುವವರೂ ಇರಲಿಲ್ಲ. ಮನೆ ಕರೆಯಿತು, ಹೋದರು. ಆ ಕಥೆ ಹೇಳಿ ನನ್ನ ವಾರಗಿತ್ತಿ ನಕ್ಕಳು. "ನೋಡಿ ಅಕ್ಕ, ಅಷ್ಟು ದೊಡ್ಡವರ ಮನೇಲೂ ಕುರ್ಚಿ ಮಡಚಿದ್ದು ಹೆಂಗಸೇ."

ಅವಳ ಜೊತೆಗೆ ಓದಿದ ಹುಡುಗಿಯರಲ್ಲಿ ಹಲವರು ಹೀಗೆಯೇ ಮದುವೆ, ಬಾಣಂತನ, ಗಂಡನ ವರ್ಗಾವಣೆ ಎಂದು ಬಿಟ್ಟವರು. ಅವರ ಕಷ್ಟ ಕೇಳಿದಾಗ ಕೆಲವು ಸೂಕ್ಷ್ಮ ತಿಳಿದವು. ಮದುವೆಯಾಗಿ ತಮಿಳುನಾಡಿಗೋ ಆಂಧ್ರಕ್ಕೋ ಹೋಗಿ ಅಲ್ಲಿ ಕೆಲಸ ಮಾಡುವವಳು ಅಲ್ಲಿ ಹೊಸದಾಗಿ ಹೆಸರು ಬರೆಸಬೇಕಾಗಿಲ್ಲ, ಇಲ್ಲಿಂದ ಅಲ್ಲಿಯ ಪರಿಷತ್ತಿಗೆ ವರ್ಗ ಮಾಡಿಸಿಕೊಳ್ಳಲು 1948ರ ಕಾಯ್ದೆಯಲ್ಲೇ ದಾರಿಯಿತ್ತು. ಗಂಡನ ಜೊತೆ ಇಂಗ್ಲೆಂಡಿಗೋ ಗಲ್ಫಿಗೋ ಹೋಗಿ ಅಲ್ಲಿ ಹೆಸರು ಬರೆಸಬೇಕೆಂದರೆ 'ಗುಡ್ ಸ್ಟ್ಯಾಂಡಿಂಗ್' ಪತ್ರ ತನ್ನಿ ಎನ್ನುತ್ತಾರೆ. ಇವರ ನೋಂದಣಿ ಸರಿಯಾಗಿದೆ, ಮೇಲೆ ದೂರುಗಳಿಲ್ಲ ಎಂದು ನಮ್ಮವರು ಬರೆದುಕೊಡುವ ಪತ್ರ ಅದು. ಇಲ್ಲಿ ಹೆಸರೇ ಬಿದ್ದುಹೋಗಿದ್ದರೆ ಏನೆಂದು ಬರೆದುಕೊಡುತ್ತಾರೆ? ಅಮೆರಿಕಕ್ಕೆ ಹೋದವರ ಪಾಡು ಇನ್ನೂ ಬೇರೆ. ಅಲ್ಲಿ ಹೆಚ್ಚಿನ ಕಡೆ ನಮ್ಮ ಬಿ.ಡಿ.ಎಸ್. ಸಾಲದು, ಅಲ್ಲಿಯ ಕಾಲೇಜಿನಲ್ಲಿ ಮತ್ತೆ ಎರಡು ಮೂರು ವರ್ಷ ಓದಬೇಕು. ನಮ್ಮ ನೆಂಟರ ಹುಡುಗಿಯೊಬ್ಬಳು ಹೋದ ಹೊಸದರಲ್ಲಿ ಅದನ್ನು ಕೇಳಿ ಅತ್ತಳು, ಈಗ ಅಲ್ಲೇ ಬಾಲವಾಡಿ ನಡೆಸುತ್ತಾಳೆ.

ಸರಿ, ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. 2025ರ ಜನವರಿಯಲ್ಲಿ, ಒಂದು ಬೆಳೆ ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿ ಕೈಗೆ ಹಣ ಬಂದ ವಾರ, ನಾನೇ ಮಾತು ತೆಗೆದೆ. "ಹೋಗಿ ಹೆಸರು ಸೇರಿಸ್ಕೊಂಡು ಬಾ. ನಾನೂ ಬರ್ತೀನಿ." ಅವಳು ಒಪ್ಪಲು ಮೂರು ದಿನ ತೆಗೆದುಕೊಂಡಳು. ಅವಳಿಗಿದ್ದ ಹೆದರಿಕೆ ದುಡ್ಡಿನದಲ್ಲ. "ಕೈ ಮರೆತಿದ್ರೆ ಏನು ಮಾಡ್ಲಿ ಅಕ್ಕ?" ಎಂದಳು.

ಕಾಗದ ಹುಡುಕಿದ್ದೇ ಒಂದು ರಾಮಾಯಣ. ಪದವಿಪತ್ರ ರೇಷ್ಮೆ ಸೀರೆಗಳ ಮಧ್ಯೆ ಜೋಪಾನವಾಗಿತ್ತು, ಆದರೆ ನೋಂದಣಿ ಪತ್ರ ಇಲ್ಲ. ಕೊನೆಗೆ ಸಿಕ್ಕಿದ್ದು ಅವಳ ತವರಿನಲ್ಲಿ, ಅವಳಪ್ಪನ ಕಬ್ಬಿಣದ ಟ್ರಂಕಿನಲ್ಲಿ. ಕೊನೆಯ ಸಲ ಹಣ ಕಟ್ಟಿದ ರಸೀದಿ ಅತ್ತೆಯ ಮಾತ್ರೆ ಡಬ್ಬಿಯ ತಳಕ್ಕೆ ಹಾಸಿದ್ದು ಸಿಕ್ಕಿತು. ಪದವಿಯಲ್ಲಿ ತಂದೆಯ ಇನಿಷಿಯಲ್ಲು, ಆಧಾರಿನಲ್ಲಿ ಗಂಡನ ಹೆಸರು. ಅದಕ್ಕೆ ಮದುವೆ ನೋಂದಣಿಯ ಪತ್ರ ಬೇಕಾಯಿತು. ವಿಳಾಸವೂ ತವರಿನದೇ ಇತ್ತು, ಹಾಗಾಗಿ ಪತ್ರ ಬಂದಿದ್ದರೂ ನಮಗೆ ತಿಳಿಯುತ್ತಿರಲಿಲ್ಲ. ಮನೆ ಬದಲಾದಾಗ ಗ್ಯಾಸಿನವರಿಗೆ ಹೇಳುವಂತೆ ಪರಿಷತ್ತಿಗೂ ಹೇಳಬೇಕು. ಈಚೆಗೆ, 2025ರಲ್ಲಿ, ನಮ್ಮ ಜಿಲ್ಲೆಯ ಹೆಸರೇ ರಾಮನಗರ ಹೋಗಿ ಬೆಂಗಳೂರು ದಕ್ಷಿಣ ಆಯಿತಲ್ಲ, ಈಗ ಆ ವಿಳಾಸವನ್ನೂ ತಿದ್ದಿಸಬೇಕು!

ಪರಿಷತ್ತಿನಲ್ಲಿ ಯಾರೂ ಅವಳನ್ನು ಹಂಗಿಸಲಿಲ್ಲ. ಹೀಗೆ ಬಿಟ್ಟು ಬರುವ ಹೆಂಗಸರು ಅವರಿಗೆ ಹೊಸಬರಲ್ಲ ಎಂದು ಕಾಣುತ್ತದೆ. ಬಾಕಿಬಿದ್ದ ವರ್ಷಗಳದ್ದು, ಅದರ ಮೇಲೆ ಇನ್ನಷ್ಟು ಎಂದು ಲೆಕ್ಕ ಮಾಡಿ ಹೇಳಿದರು. ಎಷ್ಟೆಂದು ಬರೆಯುವುದಿಲ್ಲ. ಶುಲ್ಕ ಬದಲಾಗುತ್ತಿರುತ್ತದೆ, ಬೇಕಾದವರು ಪರಿಷತ್ತಿನಲ್ಲೇ ವಿಚಾರಿಸುವುದು ಕ್ಷೇಮ. ಆಗಾಗ ಕಟ್ಟಿಕೊಂಡು ಬಂದಿದ್ದರೆ ಇಷ್ಟು ಭಾರವಾಗುತ್ತಿರಲಿಲ್ಲ ಎಂಬುದನ್ನು ಮಾತ್ರ ಹೇಳುತ್ತೇನೆ. ದುಡ್ಡಿಗಿಂತ ಕಷ್ಟದ್ದು ಮುಂದಿತ್ತು. ಹಲ್ಲಿನ ಡಾಕ್ಟರುಗಳು ಆಗಾಗ ತರಗತಿ, ಸಮ್ಮೇಳನಗಳಿಗೆ ಹಾಜರಾಗಿ ಅಂಕ ಗಳಿಸುತ್ತಿರಬೇಕೆಂಬ ನಿಯಮ 2007ರಿಂದ ಬಂದಿದೆ. ಆ ಅಂಕ ಇವಳದ್ದು ಸೊನ್ನೆ. ಭಾನುವಾರಗಳಂದು ಬೆಂಗಳೂರಿಗೆ ಹೋಗತೊಡಗಿದಳು. ತನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕ ಹುಡುಗಿಯರ ಪಕ್ಕ ಕೂತು ನೋಟ್ಸು ಬರೆದುಕೊಂಡಳು. ಇವಳು ಬಿಟ್ಟಾಗ ಬೇರಿನ ಚಿಕಿತ್ಸೆಗೆ ಕೈಯಲ್ಲಿ ತಿರುಗಿಸುತ್ತಿದ್ದ ಸಣ್ಣ ಅರಗಳ ಜಾಗದಲ್ಲಿ ಈಗ ಯಂತ್ರದ ಅರಗಳೇ ಹೆಚ್ಚು. ಎಕ್ಸ್‌ರೇ ಫಿಲ್ಮು ತೊಳೆಯುವ ಕೆಲಸವಿಲ್ಲ, ಕಂಪ್ಯೂಟರಿನಲ್ಲಿ ಕ್ಷಣದಲ್ಲಿ ಕಾಣುತ್ತದೆ. ಮೊದಲ ವಾರ ಮನೆಗೆ ಬಂದವಳೇ ಮಾತಿಲ್ಲದೆ ಮಲಗಿದಳು. ಎರಡನೇ ವಾರ ಸ್ವಲ್ಪ ಮಾತಾಡಿದಳು. ಮೂರನೇ ವಾರ ಮಕ್ಕಳನ್ನು ಕೂರಿಸಿಕೊಂಡು ಅವರ ಹಲ್ಲುಗಳನ್ನೆಲ್ಲ ಎಣಿಸಿ ಬರೆದಿಟ್ಟಳು. ಆಗ ನನಗೆ ಧೈರ್ಯ ಬಂತು.

ಮೊದಲಿಗೆ ಚನ್ನಪಟ್ಟಣದ ಒಬ್ಬ ಹಿರಿಯ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಸುಮ್ಮನೆ ನೋಡುತ್ತ ನಿಂತಳು. ಹೆಸರು ಪುಸ್ತಕಕ್ಕೆ ಮರಳಿ ಬಂದ ಮೇಲೇ ಉಪಕರಣ ಹಿಡಿದದ್ದು. ಈಗ ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶನಿವಾರ. ಸ್ವಂತ ಕ್ಲಿನಿಕ್ಕು ಇಡೋಣವೆಂದು ಮೈದುನನಿಗೆ ಆತುರ. ಅದಕ್ಕೆ ಅವಳ ನೋಂದಣಿಯೊಂದೇ ಸಾಲದು, 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಾಗಕ್ಕೂ ಪ್ರತ್ಯೇಕ ನೋಂದಣಿ ಬೇಕು. ತಡೆಯಿರಿ, ಒಂದೊಂದಾಗಿ ಎಂದಿದ್ದಾಳೆ ಅವಳು.

ಆ ಎರಡು ದಿನ ಅತ್ತೆಯ ಸ್ನಾನ, ಮಕ್ಕಳ ಊಟ, ಹುಳುವಿನ ಸೊಪ್ಪು ಎಲ್ಲ ನನ್ನ ಪಾಲಿಗೆ. ಸುಲಭವೆಂದು ಸುಳ್ಳು ಹೇಳುವುದಿಲ್ಲ. ಬೆಳೆ ಹಣ್ಣಾಗುವ ವಾರ ಬುಧವಾರ ಬಂದರೆ ಮನಸ್ಸಿನಲ್ಲೇ ಗೊಣಗಿಕೊಳ್ಳುತ್ತೇನೆ. ನಮ್ಮವರು ಹುಳುವನ್ನು ಚಂದ್ರಿಕೆಗೆ ಬಿಡಲು ಈಗ ತಾವೇ ಬರುತ್ತಾರೆ, ಮೊದಲು ಬಾರದಿದ್ದವರು. ಲೆಕ್ಕದ ಪುಸ್ತಕದಲ್ಲಿ ಮಾರ್ಚಿನ ಪುಟದ ನೆತ್ತಿಯಲ್ಲಿ, ವಿಮೆಯ ಕಂತಿಗಿಂತ ಮೇಲೆ, 'ಹಲ್ಲಿನ ಶುಲ್ಕ' ಎಂದು ಮೊದಲೇ ಬರೆದಿಟ್ಟಿದ್ದೇನೆ.

ಹೋದ ತಿಂಗಳು ಅದೇ ಹಿಂದಿನ ಬೀದಿಯ ಅಜ್ಜಿ ಬಂದಳು. ಸೆರಗಿನಲ್ಲಿ ಅವರೆಕಾಯಿ ತಂದಿದ್ದಳು. ಅಂಗಳದಲ್ಲೇ ಬಾಯಿ ತೆರೆದು ತನ್ನ ಅಲ್ಲಾಡುವ ಮುಂದಿನ ಹಲ್ಲನ್ನು ತೋರಿಸಿ, "ಈಗ್ಲಾದ್ರೂ ಕೀಳ್ತೀಯೇನವ್ವ?" ಎಂದು ಕೇಳಿದಳು.

"ಅಂಗಳದಲ್ಲಿ ಅಲ್ಲಜ್ಜಿ," ಎಂದಳು ನನ್ನ ವಾರಗಿತ್ತಿ. "ಬುಧವಾರ ನನ್ನ ಜೊತೇಲೇ ಬಸ್ಸು ಹತ್ತಿ. ಬರೋವಾಗ ಸಕ್ಕರೆ ಕಾಯಿಲೆ ಮಾತ್ರೆ ಚೀಟಿ ಮರೀಬೇಡಿ."